ಹಳೆಯ ಗ್ರೇಡರ್ ಮತ್ತು ಹೊಲದ ಹಾದಿ

ಆಷಾಢದ ಒಂದು ರಾತ್ರಿ. ಮೂರು ದಿನಗಳಿಂದ ಬಿಡದೆ ಜಿಟಿಜಿಟಿ ಮಳೆ. ಉಮರ್ಗಾದಿಂದ ನಿಲಂಗಾ ಕಡೆಗೆ ಹೋಗುವ ಡಾಂಬರು ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ, ಹೊಲಗಳ ನಡುವೆ, ಹದಿನಾಲ್ಕು ಮನೆಗಳ ಒಂದು ವಾಡಿ ಇದೆ. ಅಲ್ಲಿಯ ಅಜ್ಜಿಯೊಬ್ಬರಿಗೆ ನಡುರಾತ್ರಿ ಎದೆನೋವು ಕಾಣಿಸಿಕೊಂಡಿತು. 108ಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್ ಬಂತು, ಆದರೆ ಡಾಂಬರು ಮುಗಿಯುವಲ್ಲಿಯೇ ನಿಂತುಬಿಟ್ಟಿತು. ಮುಂದೆ ಹಾದಿಯೇ ಇರಲಿಲ್ಲ, ಇದ್ದದ್ದು ಕೆಸರು. ಅಜ್ಜಿಯನ್ನು ಹೊರಸಿನ ಮೇಲೆ ಮಲಗಿಸಿ, ಮೇಲೆ ತಾಡಪತ್ರಿ ಹೊದಿಸಿ, ನಾಲ್ವರು ಹೆಗಲು ಕೊಟ್ಟರು. ಮೊಣಕಾಲಿನವರೆಗೆ ಹೂತುಕೊಳ್ಳುವ ಎರೆಮಣ್ಣಿನಲ್ಲಿ ಆ ಎರಡು ಕಿಲೋಮೀಟರ್ ದಾಟಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ದೇವರ ದಯೆ, ಅಜ್ಜಿ ಬದುಕಿ ಮನೆಗೆ ಮರಳಿದರು.

ಮುಂದಿನ ವಾರ ಅವರಿಗೆ ಪರಮಪ್ರಸಾದ ಕೊಡಲು ನಾವು ಚಪ್ಪಲಿ ಕೈಯಲ್ಲಿ ಹಿಡಿದು ಅದೇ ಹಾದಿಯಲ್ಲಿ ನಡೆದು ಹೋದೆವು. ಅಜ್ಜಿ ಹೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ: "ಫಾದರ್, ಸಾಯೋದಕ್ಕ ನಾ ಅಂಜಲಿಲ್ಲರಿ. ನನ್ನ ಹೊತ್ತ ಹುಡುಗ್ರು ಜಾರಿ ಬೀಳೋದು ನೋಡಿ ಜೀವ ಹಿಂಡಿದಂಗಾತು."

ಅದೇ ತಿಂಗಳು ವಾಡಿಯ ಹದಿನಾಲ್ಕು ಕುಟುಂಬಗಳು ಕೂಡಿ ಒಂದು ಹಳೆಯ ಮೋಟಾರ್ ಗ್ರೇಡರ್ ಕೊಳ್ಳುವ ಮಾತೆತ್ತಿದವು. ಆ ಮಾತು ಎಲ್ಲಿಗೆ ಹೋಗಿ ಮುಟ್ಟಿತು, ಅದರಿಂದ ನಾವೆಲ್ಲ ಏನು ಕಲಿತೆವು ಎಂಬುದನ್ನು ನಮ್ಮ ಧರ್ಮಕೇಂದ್ರಗಳ ಕುಟುಂಬಗಳೊಂದಿಗೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ. ಯಾರ ಹೆಸರನ್ನೂ, ವಾಡಿಯ ಹೆಸರನ್ನೂ ಇಲ್ಲಿ ಬರೆದಿಲ್ಲ. ಯಾಕೆಂದರೆ ಇಂಥ ಹಾದಿ, ಇಂಥ ಜಗಳ ನಮ್ಮ ಎಷ್ಟೋ ಊರುಗಳಲ್ಲಿವೆ.

ಗಡಿಯ ನಾಡು, ಎರೆಯ ಮಣ್ಣು

ಉದಗೀರ ಮತ್ತು ನಿಲಂಗಾ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಸೇರಿ, ಆಮೇಲೆ ಮಹಾರಾಷ್ಟ್ರದ ಭಾಗವಾದವು. 1982ರಲ್ಲಿ ಲಾತೂರ್ ಜಿಲ್ಲೆ ಆದಾಗ ಎರಡೂ ಅದರೊಳಗೆ ಬಂದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಇಂದಿನ ಧಾರಾಶಿವದಲ್ಲಿ ಉಳಿಯಿತು. ಗಡಿರೇಖೆ ಎಲ್ಲಿ ಬಿದ್ದರೂ ಮಾತು, ನೆಂಟಸ್ತನ, ಸಂತೆ ನಿಲ್ಲಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರಿನಲ್ಲಿ ಎರಡರ ಜೊತೆ ದಖನಿ ಹಿಂದಿ. ಬಸವಕಲ್ಯಾಣ, ಹುಮನಾಬಾದ್, ಭಾಲ್ಕಿಗಳಿಗೆ ಇಂದಿಗೂ ಹೆಣ್ಣು ಕೊಟ್ಟು ತರುವ ಸಂಬಂಧ.

ಮಣ್ಣಂತೂ ಗಡಿಯ ಎರಡೂ ಕಡೆ ಒಂದೇ. ದಖನ್ನಿನ ಕರಿಕಲ್ಲು ಸಾವಿರಾರು ವರ್ಷ ಕರಗಿ ಆದ ಕಪ್ಪು ಎರೆ. ಜೋಳ, ತೊಗರಿ, ಸೋಯಾ, ಕಬ್ಬು ಯಾವುದಕ್ಕೂ ಬೇಡ ಎನ್ನದ ತಾಯಿ ಅದು. ಬೆಳೆಗೆ ಎಷ್ಟು ಒಳ್ಳೆಯದೋ ಹಾದಿಗೆ ಅಷ್ಟೇ ಕೆಟ್ಟದ್ದು. ಅದರೊಳಗಿನ ಜೇಡಿಯ ಕಣ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಮಳೆಗಾಲದಲ್ಲಿ ಅದೇ ಜಾಗದಲ್ಲಿ ಟ್ರ್ಯಾಕ್ಟರ್ ಹೂತುಹೋಗುತ್ತದೆ. 2016ರ ಏಪ್ರಿಲ್‌ನಲ್ಲಿ ಕುಡಿಯುವ ನೀರಿಗಾಗಿ ಮಿರಜದಿಂದ ರೈಲು ತರಿಸಿಕೊಂಡ ಲಾತೂರ್ ಇದೇ ಸೀಮೆ. ನೀರಿಲ್ಲವೆಂದು ಅಳುವ ನಾಡಿನಲ್ಲಿಯೇ ನಾಲ್ಕು ದಿನ ಮಳೆ ಬಂದರೆ ಮನೆಯಿಂದ ಹೊರಬರಲಾಗದು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆದದ್ದನ್ನು ಇಲ್ಲಿಯ ಹಿರಿಯರು ಮರೆತಿಲ್ಲ. ಸಾವಿರಾರು ಜನ ತಮ್ಮ ಮಣ್ಣು-ಕಲ್ಲಿನ ಮನೆಗಳಡಿಯಲ್ಲಿಯೇ ಹೋದರು. ಆಮೇಲೆ ಎಷ್ಟೋ ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಮನೆಗಳು ಸರಿದವು, ಆದರೆ ಹೊಲಗಳು ಸರಿಯಲಿಲ್ಲ. ಹಲವರಿಗೆ ಹೊಲದ ದಾರಿ ಇನ್ನೂ ದೂರವಾಯಿತು. ಹಾದಿ ಎಂಬುದು ಇಲ್ಲಿ ಅನುಕೂಲದ ಮಾತಲ್ಲ, ಜೀವದ ಮಾತು.

ಮಾರಾಟಕ್ಕಿದ್ದ ಯಂತ್ರ

ಸೋಲಾಪುರದಿಂದ ಉಮರ್ಗಾ, ಹುಮನಾಬಾದ್ ಮೇಲೆ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಕೆಲಸ ಮುಗಿಸಿದ ಗುತ್ತಿಗೆದಾರರೊಬ್ಬರ ಅಂಗಳದಲ್ಲಿ ಹಳದಿ ಬಣ್ಣದ ಹಳೆಯ ಗ್ರೇಡರ್ ನಿಂತಿತ್ತು. ಬೆಲೆ 11 ಲಕ್ಷ ರೂಪಾಯಿ. ವಾಡಿಯ ಯುವಕನೊಬ್ಬ ನೋಡಿ ಬಂದು ಭಾನುವಾರ ಬಲಿಪೂಜೆಯ ನಂತರ ಹೇಳಿದ: "ಫಾದರ್, ಹದಿನಾಲ್ಕು ಮನಿ ಕೂಡಿದ್ರ ಒಬ್ಬೊಬ್ಬರಿಗೆ ಎಪ್ಪತ್ತೆಂಟು ಸಾವಿರದ ಮ್ಯಾಲ ಬೀಳ್ತದ. ಕಬ್ಬಿನ ಬಿಲ್ ಬಂದ್ರ ಕೊಡಬಹುದು. ಮಿಷನ್ ನಮ್ಮದೇ ಇದ್ರ ಯಾರ ಕಾಲೂ ಹಿಡಿಯೋದು ಬ್ಯಾಡ ನೋಡ್ರಿ."

ಹದಿನಾಲ್ಕರಲ್ಲಿ ನಮ್ಮ ಕಥೋಲಿಕ ಕುಟುಂಬಗಳು ಐದೇ. ಉಳಿದವರು ಲಿಂಗಾಯತರು, ಮರಾಠರು, ದಲಿತರು, ಒಂದು ಮುಸ್ಲಿಂ ಮನೆ. ಎಲ್ಲರೂ ಒಪ್ಪಿದರು. ನಮಗೂ ಉತ್ಸಾಹ ಬಂತು. ಧರ್ಮಕೇಂದ್ರದ ನಿಧಿಯಿಂದ ಸ್ವಲ್ಪ ಸೇರಿಸೋಣ ಎಂದು ಆಡಿಬಿಟ್ಟೆವು. ಲೆಕ್ಕ ಮಾಡುವ ಮೊದಲು ಮಾತು ಕೊಟ್ಟದ್ದು ನಮ್ಮ ತಪ್ಪು.

ಗ್ರೇಡರ್ ಎಂದರೇನು? ರೈತರಿಗೆ ಹೇಳುವುದಾದರೆ, ಅದೊಂದು ದೊಡ್ಡ ಕುಂಟೆ. ಎತ್ತು ಹೂಡಿ ಹೊಲ ಹರಗುವ ಕುಂಟೆಗೆ ಹೇಗೆ ನೆಲ ಸವರುವ ಅಲಗು ಇದೆಯೋ, ಹಾಗೆಯೇ ಇದರ ಹೊಟ್ಟೆಯ ಕೆಳಗೆ 12 ಅಡಿಯಷ್ಟು ಉದ್ದದ ಉಕ್ಕಿನ ಅಲಗು. ಆ ಅಲಗನ್ನು ಏರಿಸಬಹುದು, ಇಳಿಸಬಹುದು, ಒಂದು ಕಡೆಗೆ ಓರೆ ಮಾಡಬಹುದು, ತಿರುಗಿಸಬಹುದು. ಮುಂದೆ ಎರಡು ಚಕ್ರ, ಹಿಂದೆ ನಾಲ್ಕು. ತೂಕ ಹತ್ತು ಟನ್ನಿಗೂ ಹೆಚ್ಚು. ಬುಲ್ಡೋಜರ್ ಮಣ್ಣನ್ನು ಮುಂದೆ ನೂಕುತ್ತದೆ; ಗ್ರೇಡರ್ ಮಣ್ಣನ್ನು ಸವರಿ, ಪಕ್ಕಕ್ಕೆ ಸರಿಸಿ, ನೆಲಕ್ಕೆ ಬೇಕಾದ ಇಳಿಜಾರು ಕೊಡುತ್ತದೆ.

ಇದರ ಚರಿತ್ರೆಯೂ ಎತ್ತು-ಕುದುರೆಗಳಿಂದಲೇ ಆರಂಭ. ಅಮೆರಿಕದ ಜೋಸೆಫ್ ಆಡಮ್ಸ್ 1885ರಲ್ಲಿ ಕುದುರೆ ಎಳೆಯುವ, ಚಕ್ರ ವಾಲಿಸಬಲ್ಲ ಗ್ರೇಡರ್ ಮಾಡಿದರು. 1931ರಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿ ತನ್ನಷ್ಟಕ್ಕೆ ತಾನೇ ಓಡುವ ಗ್ರೇಡರನ್ನು ಹೊರತಂದಿತು. ನಮ್ಮ ದೇಶದಲ್ಲಿ 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಮೋಟಾರ್ ಗ್ರೇಡರುಗಳನ್ನು ತಯಾರಿಸುತ್ತ ಬಂದಿದೆ. ಕೆ.ಜಿ.ಎಫ್.ನ ಎಷ್ಟೋ ಕ್ರೈಸ್ತ ಕುಟುಂಬಗಳಿಗೆ ಬೆಮೆಲ್ ಅನ್ನ ಕೊಟ್ಟ ಕಾರ್ಖಾನೆ ಎಂಬುದು ಓದುಗರಲ್ಲಿ ಹಲವರಿಗೆ ಗೊತ್ತಿದ್ದೀತು.

ಗೋಪುರ ಕಟ್ಟುವವನ ಲೆಕ್ಕ

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಹೇಳಿದ ಸಾಮತಿ ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ನಾವು ಅದನ್ನು ಪ್ರಬೋಧನೆಯಲ್ಲಿ ಎಷ್ಟೋ ಸಲ ವಿವರಿಸಿದ್ದೇವೆ. ನಮ್ಮದೇ ಸರದಿ ಬಂದಾಗ ಅದನ್ನು ನೆನಪಿಸಿದವರು ಬೀದರ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್. ಮೂವತ್ತು ವರ್ಷ ಇಂಥ ಯಂತ್ರಗಳ ಕೆಳಗೆ ಮಲಗಿ ಎದ್ದವರು. ಅವರನ್ನು ಕರೆದುಕೊಂಡು ಹೋಗಿ ಯಂತ್ರ ತೋರಿಸಿದೆವು. ಅವರು ನೋಡಿದ ರೀತಿ ಹಳೆಯ ಟ್ರ್ಯಾಕ್ಟರ್, ಜೆ.ಸಿ.ಬಿ. ಕೊಳ್ಳುವವರಿಗೂ ಉಪಯೋಗವಾದೀತು.

1. ನಸುಕಿನಲ್ಲಿ ಹೋದೆವು. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಕೊಳ್ಳುವವರು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಬೇಕು. ನೀಲಿ ಹೊಗೆ ಬಿಡದೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ಅರ್ಥ.

2. ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಮೀಟರನ್ನು ಅವರು ನೋಡಲೇ ಇಲ್ಲ. "ಮೀಟರ್ ಬದಲಾಗ್ತದ, ಪೆಡಲಿನ ಸವೆತ ಬದಲಾಗಲ್ಲ" ಎಂದರು. ಪೆಡಲ್, ಲಿವರ್, ಸೀಟು, ಮೆಟ್ಟಿಲು ನೋಡಿದರು.

3. ಅಲಗನ್ನು ನೆಲದಿಂದ ಎತ್ತಿಸಿ, ಕಬ್ಬಿಣದ ಹಾರೆಯಿಂದ ಅಲುಗಾಡಿಸಿದರು. ಅಲಗನ್ನು ಹಿಡಿದ ದೊಡ್ಡ ಹಲ್ಲಿನ ಚಕ್ರ, ಅದನ್ನು ತಿರುಗಿಸುವ ಚಿಕ್ಕ ಗೇರು, ಗುಂಡಿನ ಕೀಲುಗಳು ಸವೆದಿದ್ದರೆ ಅಲಗು ಕುಣಿಯುತ್ತದೆ. ಆಗ ಎಷ್ಟೇ ಜಾಣ ಆಪರೇಟರ್ ಇದ್ದರೂ ರಸ್ತೆ ಅಲೆಅಲೆಯಾಗುತ್ತದೆ. ಈ ಯಂತ್ರದ ಅಲಗು ಚೆನ್ನಾಗಿಯೇ ಕುಣಿಯಿತು.

4. ಅಲಗನ್ನು ಎತ್ತಿ ಹಾಗೆಯೇ ಹತ್ತು ನಿಮಿಷ ಬಿಟ್ಟರು. ತಾನಾಗಿಯೇ ಇಳಿದರೆ ಹೈಡ್ರಾಲಿಕ್ ಸಿಲಿಂಡರಿನ ಸೀಲು ಹೋಗಿದೆ.

5. ಹಿಂದಿನ ನಾಲ್ಕು ಚಕ್ರಗಳ ಚೈನು ಇರುವ ಪೆಟ್ಟಿಗೆಯ ಆಯಿಲ್ ತೆಗೆಸಿ ಬೆರಳಿಗೆ ಹಚ್ಚಿಕೊಂಡರು. ಲೋಹದ ಪುಡಿ ಮಿನುಗಿದರೆ ಒಳಗೆ ಅರೆಯುತ್ತಿದೆ ಎಂದು ಗುರುತು.

6. ಆರೂ ಟೈರ್ ನೋಡಿದರು. ಒಂದೊಂದಕ್ಕೂ ಹತ್ತಾರು ಸಾವಿರ. ಇಲ್ಲಿ ನಾಲ್ಕು ಬದಲಿಸಲೇಬೇಕಿತ್ತು.

ಕೊನೆಗೆ ಕಾಗದಪತ್ರ. ಗ್ರೇಡರ್ ಹೊಲದ ಯಂತ್ರವಲ್ಲವೇ, ಕಾಗದ ಯಾಕೆ ಎಂದು ಕೆಲವರು ಕೇಳಿದರು. ಸಾರ್ವಜನಿಕ ರಸ್ತೆಯ ಮೇಲೆ ಓಡುವುದಾದರೆ ಅದಕ್ಕೂ ಆರ್.ಟಿ.ಓ. ನೋಂದಣಿ, ವಿಮೆ, ಓಡಿಸುವವನಿಗೆ ತಕ್ಕ ಲೈಸೆನ್ಸ್ ಬೇಕು. ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30. ಬ್ಯಾಂಕಿನ ಸಾಲವಿದ್ದರೆ ಅದು ತೀರಿದೆ ಎನ್ನಲು ನಮೂನೆ 35. ಕರ್ನಾಟಕದಲ್ಲಿ ನೋಂದಣಿಯಾದ ವಾಹನವನ್ನು ಹನ್ನೆರಡು ತಿಂಗಳಿಗೂ ಮೀರಿ ಮಹಾರಾಷ್ಟ್ರದಲ್ಲಿ ಇಟ್ಟುಕೊಳ್ಳುವುದಾದರೆ ಹಳೆಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಹೊಸ ನಂಬರ್ ಪಡೆಯಬೇಕು. ಗಡಿಯಲ್ಲಿರುವ ನಮಗೆ ಇದು ದೊಡ್ಡ ಮಾತು. ಕಾಗದವಿಲ್ಲದೆ ಅಗ್ಗಕ್ಕೆ ಸಿಗುವ ಯಂತ್ರ ಸಾಲ ಕೊಟ್ಟವರದ್ದೋ ಕಳವಿನದ್ದೋ ಆಗಿದ್ದರೆ ಹದಿನಾಲ್ಕು ಮನೆಯವರೂ ಠಾಣೆಯ ಮೆಟ್ಟಿಲು ಹತ್ತಬೇಕು.

ಆನೆ ಕೊಂಡ ಮೇಲೆ ಅಂಕುಶ

ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದರು ಎಂಬ ಗಾದೆ ನಮ್ಮಲ್ಲಿದೆ. ಚರ್ಚಿನ ಜಗಲಿಯ ಮೇಲೆ ಕುಳಿತು ನಾವು ಅಂಕುಶದ ಲೆಕ್ಕ ಹಾಕಿದೆವು.

ಎರಡು ಕಿಲೋಮೀಟರ್ ಹಾದಿಯನ್ನು ಸರಿಯಾಗಿ ಸವರಲು ಗ್ರೇಡರ್ ಅದರ ಮೇಲೆ ಎಂಟು ಸಲ ಸಾಗಬೇಕೆಂದು ಇಟ್ಟುಕೊಳ್ಳಿ. ಒಟ್ಟು 16 ಕಿಲೋಮೀಟರ್. ಗಂಟೆಗೆ ನಾಲ್ಕೈದು ಕಿಲೋಮೀಟರಿನ ನಿಧಾನ ನಡಿಗೆಯಲ್ಲಿ ಅರ್ಧ ದಿನದ ಕೆಲಸ. ಮಳೆಗಾಲಕ್ಕೆ ಮೊದಲು ಒಂದು ಸಲ, ಮುಗಿದ ಮೇಲೆ ಕಬ್ಬಿನ ಸಾಗಣೆಗೆ ಮೊದಲು ಒಂದು ಸಲ. ಅಂದರೆ ವರ್ಷಕ್ಕೆ ಎರಡು ದಿನ ಎನ್ನಿ. ಉಳಿದ 363 ದಿನ ಅದು ಬೇವಿನ ಮರದ ಕೆಳಗೆ ನಿಂತು ತುಕ್ಕು ಹಿಡಿಯುತ್ತದೆ. ಬ್ಯಾಟರಿ ಸಾಯುತ್ತದೆ, ಸೀಲುಗಳು ಒಣಗುತ್ತವೆ, ಇಲಿ ವೈರು ಕಡಿಯುತ್ತದೆ. ವರ್ಷಕ್ಕೆ ಎರಡು ದಿನದ ಕೆಲಸಕ್ಕೆ ಒಳ್ಳೆಯ ಆಪರೇಟರ್ ಯಾರೂ ಕಾದು ಕೂರುವುದಿಲ್ಲ. ಗ್ರೇಡರ್ ಓಡಿಸುವುದು ಟ್ರ್ಯಾಕ್ಟರ್ ಓಡಿಸಿದ ಹಾಗಲ್ಲ. ರಸ್ತೆಯ ಯಂತ್ರಗಳಲ್ಲೆಲ್ಲ ಕೈಗೆ ಬಹಳ ತಡವಾಗಿ ಒಗ್ಗುವ ಕೆಲಸ ಅದು.

ಹದಿನಾಲ್ಕು ಜನ ಮಾಲೀಕರಾದರೆ ಯಂತ್ರ ಯಾರ ಹೆಸರಿನಲ್ಲಿ? ಒಬ್ಬನು ಬಾಡಿಗೆಗೆ ಕಳುಹಿಸಿದರೆ ಹಣ ಯಾರಿಗೆ? ನಡುವೆ ಒಬ್ಬನು ಮಗಳ ಮದುವೆಗೆ ತನ್ನ ಪಾಲು ಮರಳಿ ಕೇಳಿದರೆ? ಈ ಮೂರನೆಯ ಪ್ರಶ್ನೆ ಬಂದಾಗ ಜಗಲಿಯ ಮೇಲೆ ಎಲ್ಲರೂ ಸುಮ್ಮನಾದರು. ಆ ವರ್ಷ ಮದುವೆಗೆ ಬಂದ ಹೆಣ್ಣುಮಕ್ಕಳು ಮೂರು ಮನೆಗಳಲ್ಲಿದ್ದರು.

ಹಾಗೆಂದು ಗ್ರೇಡರ್ ಕೊಳ್ಳುವುದೇ ತಪ್ಪು ಎನ್ನಲಾರೆವು. ಹತ್ತಿಪ್ಪತ್ತು ಊರುಗಳು ಕೂಡಿ, ನೋಂದಾಯಿತ ಸಹಕಾರ ಸಂಘ ಮಾಡಿಕೊಂಡು, ನಲವತ್ತು-ಐವತ್ತು ಕಿಲೋಮೀಟರ್ ಹಾದಿಗೆ ಒಂದು ಯಂತ್ರ, ಒಬ್ಬ ಕಾಯಂ ಆಪರೇಟರ್ ಇಟ್ಟುಕೊಂಡರೆ ಅದು ದುಡಿದು ತಿನ್ನುತ್ತದೆ. ಎರಡು ಕಿಲೋಮೀಟರಿಗೆ ಅದು ನಮ್ಮನ್ನೇ ತಿನ್ನುತ್ತದೆ.

ಹಾದಿ ಕೆಡುವುದು ಚಕ್ರದಿಂದಲ್ಲ, ನೀರಿನಿಂದ

ಮೆಕ್ಯಾನಿಕ್ ಹಿರಿಯರು ಹೊರಡುವ ಮೊದಲು ಹಾದಿ ನೋಡಬೇಕೆಂದರು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಬಂದು ಹೇಳಿದರು: "ಇದು ಹಾದಿ ಅಲ್ರಿ ಫಾದರ್, ಇದು ಕಾಲುವೆ."

ನಿಜವೇ. ಪ್ರತಿ ವರ್ಷ ಜೆ.ಸಿ.ಬಿ. ತರಿಸಿ ಕೆಸರು ಕೆರೆದು ಎರಡೂ ಬದಿಗೆ ಹಾಕಿಸಿದ್ದೆವು. ವರ್ಷ ವರ್ಷ ಹಾದಿ ತಗ್ಗಾಗುತ್ತ, ಬದಿಯ ಹೊಲಗಳಿಗಿಂತ ಎರಡು ಅಡಿ ಕೆಳಗಿಳಿದಿತ್ತು. ಸುತ್ತಲಿನ ನೀರೆಲ್ಲ ಅದರೊಳಗೇ ಇಳಿಯುತ್ತಿತ್ತು. ಅಂಥ ಹಾದಿಗೆ ಗ್ರೇಡರ್ ತಂದು ಮತ್ತೆ ಕೆರೆದರೆ ಕಾಲುವೆ ಇನ್ನಷ್ಟು ಆಳವಾಗುತ್ತಿತ್ತು, ಅಷ್ಟೆ.

ಮಣ್ಣಿನ ಹಾದಿಗೆ ಬೇಕಾದದ್ದು ಮೂರು. ಮೊದಲನೆಯದು ಬೆನ್ನು. ಹಾದಿಯ ನಡು ಎತ್ತರವಿರಬೇಕು, ಅಂಚು ಇಳಿದಿರಬೇಕು. ಒಂದು ಅಡಿಗೆ ಅರ್ಧ ಇಂಚು ಇಳಿಜಾರು ಸಾಕು. 12 ಅಡಿ ಅಗಲದ ಹಾದಿಗೆ ನಡುಭಾಗ ಅಂಚಿಗಿಂತ ಮೂರು ಇಂಚು ಮೇಲಿರಬೇಕು. ಎರಡನೆಯದು ಬದಿಯ ಚರಂಡಿ, ಮತ್ತು ಆ ಚರಂಡಿಯ ನೀರು ಹಳ್ಳ ಸೇರಲು ಒಂದು ಹೊರದಾರಿ. ಮೂರನೆಯದು ಎರೆಯ ಮೇಲೆ ಮುರುಮಿನ, ಅಂದರೆ ಗರಸಿನ ಹೊದಿಕೆ. ಎರಡು ಕಿಲೋಮೀಟರಿಗೆ ಮೂರು ಮೀಟರ್ ಅಗಲ, ಅರ್ಧ ಅಡಿ ದಪ್ಪ ಹಾಕಿದರೆ 900 ಘನ ಮೀಟರ್, ಮುನ್ನೂರಕ್ಕೂ ಹೆಚ್ಚು ಟ್ರಾಲಿ. ಅಷ್ಟು ಶಕ್ತಿ ನಮಗಿರಲಿಲ್ಲ. ಆದರೆ ತೀರಾ ಕೆಟ್ಟ ಜಾಗ 300 ಮೀಟರ್ ಮಾತ್ರ ಇತ್ತು. ಅದಕ್ಕೆ ಐವತ್ತು ಟ್ರಾಲಿ ಸಾಕು.

ಇಲ್ಲಿ ಒಬ್ಬ ರೈತನ ಕಥೆ ಹೇಳಬೇಕು. ಅಮೆರಿಕದ ಮಿಸೌರಿ ಸೀಮೆಯಲ್ಲಿ ಡಿ. ವಾರ್ಡ್ ಕಿಂಗ್ ಎಂಬ ರೈತರಿದ್ದರು. ಅವರ ಊರಿನ ಹಾದಿಯೂ ನಮ್ಮ ಎರೆಯಂತೆ ಮೆತ್ತುವ ಜೇಡಿಯ ಹಾದಿ. 1896ರಲ್ಲಿ ಅವರು ಕೈಗೆ ಸಿಕ್ಕ ಮರದ ತುಂಡುಗಳನ್ನು ಜೋಡಿಸಿ, ಕುದುರೆ ಹೂಡಿ, ಮಳೆಯಾದ ಮೇಲೆ ತಮ್ಮ ಮನೆಯ ಮುಂದಿನ ಹಾದಿಯ ಮೇಲೆ ಎಳೆದರು. ಪ್ರತಿ ಮಳೆಯ ನಂತರವೂ ಎಳೆಯುತ್ತ ಹೋದರು. ಹಾದಿಗೆ ಬೆನ್ನು ಬಂತು, ಮೇಲ್ಮೈ ಗಟ್ಟಿಯಾಗಿ ನೀರು ಜಾರಿ ಹೋಗತೊಡಗಿತು. ಮುಂದೆ ಅವರು ಊರೂರು ತಿರುಗಿ ಇದನ್ನು ಕಲಿಸಿದರು. 1908ರಲ್ಲಿ ಅಮೆರಿಕದ ಕೃಷಿ ಇಲಾಖೆ ಇದರ ಬಗ್ಗೆ ರೈತರಿಗಾಗಿ ಒಂದು ಕಿರುಪುಸ್ತಕವನ್ನೇ ಹೊರತಂದಿತು. ಒಂದು ಮರದ ದಿಮ್ಮಿಯನ್ನು ಸೀಳಿ, ಎರಡು ಹೋಳುಗಳನ್ನು ಎರಡೂವರೆ ಅಡಿ ಅಂತರದಲ್ಲಿ ಜೋಡಿಸಿ, ಸರಪಳಿ ಕಟ್ಟಿ ಓರೆಯಾಗಿ ಎಳೆಯುವುದು. ಇಷ್ಟೇ ಅದರ ಗುಟ್ಟು. ಮಣ್ಣು ಹಸಿಯಾಗಿರಬೇಕು, ಆದರೆ ಹಲಗೆಗೆ ಅಂಟಬಾರದು. ಆ ಹದ ನೋಡಿ ಎಳೆಯಬೇಕು.

ನಮ್ಮವರು ಹಳೆಯ ಕಬ್ಬಿಣದ ಗರ್ಡರ್ ಏಳು ಅಡಿಯ ಎರಡು ತುಂಡು ತಂದು, ಊರಿನ ವೆಲ್ಡರನಿಂದ ಬೆಸೆಸಿದರು. ಟ್ರ್ಯಾಕ್ಟರ್ ಹೇಗೂ ಇತ್ತು. ಅದಕ್ಕೆ "ಹಾದಿ ಕುಂಟಿ" ಎಂದು ಹೆಸರಾಯಿತು.

ಬದುವಿನ ಮೂರು ಅಡಿ

ಆದರೆ ನಿಜವಾದ ಗಂಟು ಬೇರೆ ಕಡೆ ಇತ್ತು. ಚರಂಡಿಯ ನೀರು ಹಳ್ಳ ಸೇರಬೇಕಾದರೆ ಕೆಳಗಿನ ಹೊಲದ ಕಾಕಾ ಅವರ ಬದುವಿನ ಪಕ್ಕ ಹರಿಯಬೇಕು. ಅವರು ಇಪ್ಪತ್ತು ವರ್ಷದಿಂದ ಈ ವಾಡಿಯ ಯಾರ ಮನೆಗೂ ಕಾಲಿಟ್ಟವರಲ್ಲ. ಹಿಂದೊಮ್ಮೆ ಅಜ್ಜಿಯ ಗಂಡ ನೇಗಿಲು ಹೊಡೆಯುವಾಗ ಅವರ ಬದುವನ್ನು ಮೂರು ಅಡಿ ಒತ್ತಿಕೊಂಡಿದ್ದರು. ಗುರುತಿನ ಕಲ್ಲು ಮಾಯವಾಗಿತ್ತು. ಅಂದಿನಿಂದ ಮಾತಿಲ್ಲ, ಮದುವೆಗೆ ಕರೆಯಿಲ್ಲ, ಸಾವಿಗೆ ಹೋಗಿದ್ದಿಲ್ಲ.

ಆಗ ನಮಗೆ ಹೊಳೆಯಿತು. "ಮಿಷನ್ ನಮ್ಮದೇ ಇದ್ರ ಯಾರ ಕಾಲೂ ಹಿಡಿಯೋದು ಬ್ಯಾಡ" ಎಂದಿದ್ದನಲ್ಲ ಆ ಯುವಕ, ಆ ಮಾತಿನ ಅರ್ಥ ಇದೇ. 11 ಲಕ್ಷ ಕೊಟ್ಟಾದರೂ ಸರಿ, ಕಾಕಾನ ಮನೆಯ ಹೊಸ್ತಿಲಿಗೆ ಮಾತ್ರ ಹೋಗುವುದು ಬೇಡ. ಹತ್ತು ಟನ್ ತೂಕದ ಯಂತ್ರವನ್ನು ನಾವು ಕೊಳ್ಳಲು ಹೊರಟದ್ದು, ನೂರು ಹೆಜ್ಜೆಯ ಆ ನಡಿಗೆಯನ್ನು ತಪ್ಪಿಸಿಕೊಳ್ಳಲು.

ಕಾನೂನಿನ ದಾರಿ ಇಲ್ಲವೆಂದಲ್ಲ. ಮಹಾರಾಷ್ಟ್ರ ಭೂ ಕಂದಾಯ ಸಂಹಿತೆ, 1966ರ 143ನೇ ಕಲಮಿನಂತೆ ಹೊಲಗಳ ಗಡಿಯ ಮೇಲಿನ ದಾರಿಯ ಹಕ್ಕನ್ನು ತಹಶೀಲ್ದಾರರು ನಿರ್ಣಯಿಸಬಹುದು. ದಾರಿಗೆ ಅಡ್ಡ ಹಾಕಿದರೆ ತೆಗೆಸಲು 1906ರ ಮಾಮಲೇದಾರ ನ್ಯಾಯಾಲಯಗಳ ಕಾಯದೆ ಇದೆ. 2021ರಲ್ಲಿ ಸರ್ಕಾರ ಮಾತೋಶ್ರೀ ಹೆಸರಿನಲ್ಲಿ ಹೊಲ-ಪಾಣಂದ ರಸ್ತೆಗಳ ಯೋಜನೆ ತಂದಿತು. ಗಡಿಯಾಚೆ ಕರ್ನಾಟಕದಲ್ಲಿ "ನಮ್ಮ ಹೊಲ ನಮ್ಮ ದಾರಿ" ಎಂಬ ಹೆಸರಿನಲ್ಲಿ ಉದ್ಯೋಗ ಖಾತರಿಯಡಿ ಇಂಥ ಕೆಲಸಗಳು ನಡೆದವು. ಇವನ್ನು ತಿಳಿದುಕೊಂಡಿರುವುದು ಒಳ್ಳೆಯದು. ಗ್ರಾಮ ಪಂಚಾಯತಿಯಲ್ಲಿ ಅರ್ಜಿ ಕೊಡಬೇಕು, ದಾರಿ ದಾಖಲೆಯಲ್ಲಿ ಸೇರುವಂತೆ ನೋಡಿಕೊಳ್ಳಬೇಕು. ಆದರೆ ಹುಕುಮಿನಿಂದ ತೆರೆದ ಚರಂಡಿಯನ್ನು ರಾತ್ರಿ ಒಂದು ಗುದ್ದಲಿಯಿಂದ ಮುಚ್ಚಬಹುದು.

ಅಜ್ಜಿಯೇ ದಾರಿ ತೋರಿಸಿದರು. ಮಗನನ್ನು ಕರೆದು, "ಅಪ್ಪಾ, ನಿಮ್ಮಪ್ಪ ತಗೊಂಡಿದ್ದು ಕೊಟ್ಟು ಬಾ. ಆಮ್ಯಾಲ ನೀರಿನ ಮಾತು ಆಡು" ಎಂದರು. ಮಗ ಎರಡು ದಿನ ಮುಖ ಕೊಡಲಿಲ್ಲ. ಮೂರು ಅಡಿ ಅಗಲ, ಉದ್ದಕ್ಕೂ ಲೆಕ್ಕ ಹಾಕಿದರೆ ಕಡಿಮೆ ನೆಲವೇನಲ್ಲ. ಅದರಲ್ಲಿ ಕಬ್ಬು ನಿಂತಿತ್ತು. ಮೂರನೆಯ ದಿನ ಬಂದು, "ಫಾದರ್, ನೀವೂ ಬರ್ರಿ" ಎಂದ. ಹೋದೆವು. ಕಾಕಾ ಕುಳಿತಲ್ಲಿಂದ ಏಳಲಿಲ್ಲ. ಮಗ ನಿಂತೇ ಹೇಳಿದ: "ಕಾಕಾ, ಮೋಜಣಿ ಮಾಡಸ್ತೀನಿ. ಕಲ್ಲು ಎಲ್ಲಿ ಬರ್ತದ ಅಲ್ಲಿ ಹುಗೀತೀನಿ. ಖರ್ಚು ನಂದು." ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಾಕಾ ಒಳಗೆ ಕೂಗಿ, "ಚಾ ಇಡ್ರಿ" ಎಂದರು.

ಮೋಜಣಿ ಆಯಿತು, ಕಲ್ಲು ಹುಗಿದಾಯಿತು. ಕಾಕಾ ಒಂದೇ ಕರಾರು ಹಾಕಿದರು: "ನೀರು ಹೊಲದಾಗ ಬಿಡಬ್ಯಾಡ್ರಿ, ಬದುವಿನ ಬಾಜು ಬಿಡ್ರಿ. ನಾನು ದಾಟೋ ಜಾಗಕ್ಕ ಸಿಮೆಂಟ್ ಪೈಪ್ ಹಾಕ್ರಿ." ನ್ಯಾಯವಾದ ಮಾತು. ಒಪ್ಪಿದೆವು.

ಆಮೇಲೆ ನಡೆದದ್ದು

ಗ್ರೇಡರ್ ಕೊಳ್ಳಲಿಲ್ಲ. ಹೆದ್ದಾರಿ ಕೆಲಸದಲ್ಲಿದ್ದ ಒಂದು ಒಳ್ಳೆಯ ಗ್ರೇಡರನ್ನು ಆಪರೇಟರ್ ಸಮೇತ ಮೇ ತಿಂಗಳಲ್ಲಿ ಎರಡು ದಿನ ಬಾಡಿಗೆಗೆ ತಂದೆವು. ಬದಿಗೆ ಬಿದ್ದಿದ್ದ ಹಳೆಯ ಮಣ್ಣನ್ನೆಲ್ಲ ನಡುವಿಗೆ ಎಳೆಸಿ, ನೀರು ಹೊಡೆಸಿ, ರೋಲರ್ ಓಡಿಸಿ ಹಾದಿಗೆ ಬೆನ್ನು ಕಟ್ಟಿದೆವು. ತಹಶೀಲಿನಲ್ಲಿ ಪರವಾನಗಿ ಪಡೆದು ಮುರುಮು ತಂದು ಕೆಟ್ಟ ಜಾಗಕ್ಕೆ ಹಾಕಿದೆವು. ಪ್ರತಿ ಮನೆಯಿಂದ ಹಣ ಸ್ವಲ್ಪ, ಶ್ರಮ ಹೆಚ್ಚು. ಚರಂಡಿ ತೋಡುವ ದಿನ ಕಾಕಾನ ಇಬ್ಬರು ಮೊಮ್ಮಕ್ಕಳೂ ಸಲಿಕೆ ಹಿಡಿದು ಬಂದರು. ಈಗ ಮಳೆ ನಿಂತು ಎರಡು ದಿನವಾದರೆ, ಸರದಿಯ ಮನೆಯವರು ಹಾದಿ ಕುಂಟಿ ಎಳೆಯುತ್ತಾರೆ. ಸರದಿಯ ಪಟ್ಟಿ ಹನುಮಾನ ಗುಡಿಯ ಗೋಡೆಗೂ ಅಂಟಿದೆ, ನಮ್ಮ ಪ್ರಾರ್ಥನಾಲಯದ ಬಾಗಿಲಿಗೂ ಅಂಟಿದೆ.

ಹಾದಿ ಪೂರ್ತಿ ಸರಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ಮಳೆಗಾಲದಲ್ಲಿ ಎರಡು ಕಡೆ ಕುಸಿಯಿತು. ಒಂದು ಸಲ ಸರದಿ ತಪ್ಪಿತೆಂದು ಜೋರು ಮಾತೂ ಆಯಿತು. ಆದರೂ ಆಟೋ ಬಾಗಿಲವರೆಗೆ ಬರುತ್ತದೆ. ಅಜ್ಜಿ ಅದರಲ್ಲಿ ಕುಳಿತು ಭಾನುವಾರ ಬಲಿಪೂಜೆಗೆ ಬರುತ್ತಾರೆ.

ಪುರಾತನ ಕಾಲದಿಂದಲೂ ಧರ್ಮಸಭೆ ಹಾದಿ-ಸೇತುವೆಗಳ ಕೆಲಸವನ್ನು ದಾನಧರ್ಮಗಳ ಸಾಲಿನಲ್ಲಿ ಇಟ್ಟಿತ್ತು. ಫ್ರಾನ್ಸಿನ ಅವಿನ್ಯೋನ್ ನಗರದಲ್ಲಿ ರೋನ್ ನದಿಗೆ ಸೇತುವೆ ಕಟ್ಟಲು 1177ರಲ್ಲಿ ಮೊದಲಿಟ್ಟವರು ಬೆನೆಜೆ ಎಂಬ ಕುರಿಗಾಹಿ ಯುವಕ ಎಂದು ಪರಂಪರೆ ಹೇಳುತ್ತದೆ. ಜನ ಅವರನ್ನು ಸಂತರೆಂದು ಗೌರವಿಸುತ್ತ ಬಂದಿದ್ದಾರೆ.

ಪ್ರತಿ ಆಗಮನ ಕಾಲದಲ್ಲಿ ಪ್ರವಾದಿ ಯೆಶಾಯನ 40ನೇ ಅಧ್ಯಾಯವನ್ನು ಕೇಳುತ್ತೇವೆ. ತಗ್ಗು ತುಂಬಬೇಕು, ದಿಬ್ಬ ಇಳಿಯಬೇಕು, ಪ್ರಭುವಿಗೆ ದಾರಿ ಸಮವಾಗಬೇಕು ಎಂಬ ಕರೆ ಅದು. ಸ್ನಾನಿಕ ಯೊವಾನ್ನರು ಅದನ್ನೇ ಯೊರ್ದಾನಿನ ದಡದಲ್ಲಿ ಸಾರಿದರು. ಸೆಮಿನರಿಯಲ್ಲಿ ನಾವು ಅದಕ್ಕೆ ವ್ಯಾಖ್ಯಾನ ಓದಿದ್ದೆವು. ಅದರ ಅರ್ಥ ಬಿಡಿಸಿ ಹೇಳಿದ್ದು ಮಾತ್ರ ಕಬ್ಬಿನ ಸಾಲಿನ ನಡುವೆ ಮರಳಿ ಹುಗಿದ ಒಂದು ಗಡಿಕಲ್ಲು.

ಪ್ರಿಯ ಕುಟುಂಬಗಳೇ, ನಿಮ್ಮ ಮನೆಯ ಮುಂದೆಯೂ ಒಂದು ಹಾದಿ ಇದೆ. ಅದು ಎಲ್ಲಿ ಕೆಟ್ಟಿದೆ, ನೀರು ಎಲ್ಲಿ ನಿಂತಿದೆ ಎಂದು ಈ ವಾರ ಮನೆಮಂದಿಯೆಲ್ಲ ಕುಳಿತು ಮಾತಾಡಿ. ಯಂತ್ರದ ಬೆಲೆ ವಿಚಾರಿಸುವ ಮೊದಲು, ಬಹಳ ದಿನಗಳಿಂದ ಯಾರ ಹೊಸ್ತಿಲು ತುಳಿದಿಲ್ಲವೋ ಅಲ್ಲಿಗೊಮ್ಮೆ ಹೋಗಿ ಬನ್ನಿ. ಕೊಡಬೇಕಾದದ್ದು ಏನಾದರೂ ನಮ್ಮಲ್ಲೇ ಉಳಿದಿದ್ದರೆ ಅದನ್ನು ಮೊದಲು ಕೊಡೋಣ. ನೀರಿನ ಮಾತು ಆಮೇಲೆ.